ನೀಡಲ್ ಗನ್ ಕೊಳ್ಳುವ ಮೊದಲು ಗಾಳಿ ಅಳೆಯಿರಿ

ಸಂಪಾದಕರಿಗೆ,

ಮಾನ್ಯರೆ,

ಮೀನುಗಾರಿಕೆ ನಿಷೇಧದ 61 ದಿನ, ಅಂದರೆ ಜೂನ್ 1ರಿಂದ ಜುಲೈ 31, ನಮ್ಮ ಕರಾವಳಿಯ ಸ್ಟೀಲ್ ಬೋಟುಗಳಿಗೆ ರಿಪೇರಿ ಕಾಲ. ಮಲ್ಪೆ, ಗಂಗೊಳ್ಳಿ, ಮಂಗಳೂರಿನಲ್ಲಿ ದಡಕ್ಕೆಳೆದ ಬೋಟುಗಳ ತುಕ್ಕು ಬಿಡಿಸುವುದು, ತೂತುಬಿದ್ದ ಪ್ಲೇಟು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡುವುದು, ಬಣ್ಣ ಬಳಿಯುವುದು ಎಲ್ಲವೂ ಈ ಮಳೆಯಲ್ಲೇ ಮುಗಿಯಬೇಕು. ಸೋರುವ ಟಾರ್ಪಾಲಿನಡಿ, ಒದ್ದೆ ಕಬ್ಬಿಣದ ಮೇಲೆ ನಿಂತು ಕರೆಂಟಿನ ಗ್ರೈಂಡರ್ ಹಿಡಿಯುವುದು ಜೀವಕ್ಕೇ ಅಪಾಯ. ಸೂಜಿಗಳ ಕಟ್ಟಿನಿಂದ ಬಡಿದು ತುಕ್ಕು ಬಿಡಿಸುವ, ಕಂಪ್ರೆಸರಿನ ಗಾಳಿಯಿಂದ ಓಡುವ ನೀಡಲ್ ಗನ್ನಿಗೆ ಆ ಭಯವಿಲ್ಲ. ಆದರೆ ಕೊಳ್ಳುವವರು ಅಂಗಡಿಯಲ್ಲಿ ಕೇಳುವುದು ಎರಡೇ ಪ್ರಶ್ನೆ: ಎಷ್ಟು ಸೂಜಿ, ಎಷ್ಟು ರೂಪಾಯಿ. ಅದಕ್ಕಿಂತ ಮೊದಲು ಕೇಳಬೇಕಾದವು ಬೇರೆ ಇವೆ. ಅದು ಎಷ್ಟು ಗಾಳಿ ಕುಡಿಯುತ್ತದೆ? ಕೈಯನ್ನು ಎಷ್ಟು ನಡುಗಿಸುತ್ತದೆ? ಇವನ್ನು ಕೇಳದೆ ತಂದ ಗನ್ ಒಂದೋ ಮೂಲೆ ಸೇರುತ್ತದೆ, ಇಲ್ಲವೇ ಹಿಡಿದವನ ಕೈ ಕೆಡಿಸುತ್ತದೆ.

ಗನ್ನಿನ ಒಳಗೆ ಒಂದು ಪಿಸ್ಟನ್ ಹಿಂದೆ ಮುಂದೆ ಓಡುತ್ತ, ಮಾದರಿಗೆ ತಕ್ಕಂತೆ ನಿಮಿಷಕ್ಕೆ 2,000ದಿಂದ 5,000 ಸಲ ಆನ್ವಿಲ್ ಎಂಬ ಗಟ್ಟಿ ಬಿಲ್ಲೆಗೆ ಬಡಿಯುತ್ತದೆ. ಆ ಏಟು ಸೂಜಿಗಳ ತಲೆಗೆ ದಾಟುತ್ತದೆ. ಸೂಜಿಗಳು ಒಂದಕ್ಕೊಂದು ಅಂಟಿಕೊಂಡಿಲ್ಲ; ಪ್ರತಿಯೊಂದೂ ತನ್ನಷ್ಟಕ್ಕೆ ಸಡಿಲವಾಗಿ ಜಾರುತ್ತದೆ. ತುಕ್ಕಿನ ಕುಳಿ ಎಷ್ಟು ಆಳವೋ ಆ ಸೂಜಿ ಅಷ್ಟು ಮುಂದೆ ಹೋಗುತ್ತದೆ, ಬೋಲ್ಟಿನ ತಲೆ ಎದ್ದಿದ್ದರೆ ಅಷ್ಟು ಹಿಂದೆ ಸರಿಯುತ್ತದೆ. ವಯರ್ ಕಪ್ ಬ್ರಷ್‌ನಿಂದ ಇದು ಆಗದು. ಅದು ಕುಳಿಯ ಮೇಲೆಯೇ ಓಡಿ, ಒಳಗಿನ ತುಕ್ಕನ್ನು ಉಜ್ಜಿ ಕಪ್ಪಗೆ ಹೊಳೆಯುವಂತೆ ಮಾಡುತ್ತದೆ. ನೋಡಿದರೆ ಶುದ್ಧ ಲೋಹ ಅನ್ನಿಸುತ್ತದೆ, ಮೇಲೆ ಬಳಿದ ಪ್ರೈಮರ್ ಮುಂದಿನ ಮಳೆಗಾಲಕ್ಕೆ ಪೊರೆಯಾಗಿ ಏಳುತ್ತದೆ.

ಮೊದಲು ಗಾಳಿಯ ಲೆಕ್ಕ. ಹೆಚ್ಚಿನ ನೀಡಲ್ ಗನ್‌ಗಳಿಗೆ 90 ಪಿಎಸ್‌ಐ, ಅಂದರೆ 6.2 ಬಾರ್ ಒತ್ತಡ ಬೇಕು. ಅದು ಟ್ಯಾಂಕಿನ ಮೀಟರಿನಲ್ಲಿ ಇದ್ದರೆ ಸಾಲದು. ಟ್ರಿಗರ್ ಒತ್ತಿ ಹಿಡಿದಾಗ ಗನ್ನಿನ ಬಾಯಲ್ಲಿ ಇರಬೇಕು. ಗಾಳಿಯ ಪ್ರಮಾಣವನ್ನು ಕ್ಯಾಟಲಾಗಿನಲ್ಲಿ ನೋಡುವಾಗ ಎಚ್ಚರ ಬೇಕು. ‘ಸರಾಸರಿ ಬಳಕೆ’ 4 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ) ಎಂದು ಬರೆದಿದ್ದರೆ ಅದು ಬಿಟ್ಟು ಬಿಟ್ಟು ಓಡಿಸಿದ ಲೆಕ್ಕ ಇರಬಹುದು. ತುಕ್ಕು ತೆಗೆಯುವವನು ಟ್ರಿಗರನ್ನು ನಿಮಿಷಗಟ್ಟಲೆ ಬಿಡುವುದಿಲ್ಲ. ಆದ್ದರಿಂದ ನಿರಂತರ ಬಳಕೆ ಎಷ್ಟು ಎಂದೇ ಕೇಳಿ.

ಕಂಪ್ರೆಸರಿನ ಕಡೆಯೂ ಇಂಥದ್ದೇ ಗೊಂದಲ. ತಗಡಿನ ಮೇಲೆ ಬರೆದಿರುವುದು ಎಷ್ಟೋ ಸಲ ಪಿಸ್ಟನ್ ಎಳೆದುಕೊಳ್ಳುವ ಗಾಳಿ. ಹೊರಗೆ ಸಿಗುವುದು ಅದಕ್ಕಿಂತ ಕಡಿಮೆ, ಚಿಕ್ಕ ಸಿಂಗಲ್ ಸ್ಟೇಜ್ ಮೆಷಿನ್ನಿನಲ್ಲಿ ಬಹಳ ಕಡಿಮೆ. ಒಂದು ಹೆಚ್‌ಪಿಗೆ 3ರಿಂದ 4 ಸಿಎಫ್‌ಎಂ ಸಿಕ್ಕರೆ ಸರಿಯಾಗಿದೆ ಎಂದುಕೊಳ್ಳಿ. ಅನುಮಾನವಿದ್ದರೆ ಅಳೆಯಬಹುದು, ಗಡಿಯಾರ ಇದ್ದರೆ ಸಾಕು. ಟ್ಯಾಂಕಿನ ನೀರು ಪೂರ್ತಿ ಇಳಿಸಿ, ಹೊರಹೋಗುವ ವಾಲ್ವ್ ಮುಚ್ಚಿ, ಕಂಪ್ರೆಸರ್ ಓಡಿಸಿ. ಮುಳ್ಳು 5 ಬಾರ್‌ನಿಂದ 7 ಬಾರ್‌ಗೆ ಏರಲು ಎಷ್ಟು ಸೆಕೆಂಡ್ ಹಿಡಿಯಿತು ನೋಡಿ. ಟ್ಯಾಂಕು 160 ಲೀಟರಿನದಾದರೆ ಆ ಎರಡು ಬಾರ್ ಏರಿಕೆಯಲ್ಲಿ ಒಳಗೆ ಹೋದದ್ದು ಸುಮಾರು 320 ಲೀಟರ್ ಹೊರಗಾಳಿ. ಅದಕ್ಕೆ 64 ಸೆಕೆಂಡ್ ಹಿಡಿದರೆ ನಿಮಿಷಕ್ಕೆ 300 ಲೀಟರ್; ಒಂದು ಘನ ಅಡಿಗೆ 28.3 ಲೀಟರಿನಂತೆ ಹತ್ತೂವರೆ ಸಿಎಫ್‌ಎಂ. ನಿಮ್ಮ ಗನ್ 8 ಕೇಳಿದರೆ ನಿರಾತಂಕವಾಗಿ ಓಡುತ್ತದೆ. 12 ಕೇಳಿದರೆ ಟ್ಯಾಂಕಿನಲ್ಲಿ ಕೂಡಿಟ್ಟ ಗಾಳಿ ಮುಗಿಯುವವರೆಗೆ ಓಡಿ ಆಮೇಲೆ ಸೊರಗುತ್ತದೆ. ಆಗ ಎಲ್ಲರೂ ಬೈಯುವುದು ಗನ್ನಿಗೆ.

ಪೈಪಿನಲ್ಲೂ ಗಾಳಿ ಕಳೆದುಹೋಗುತ್ತದೆ. ಕಾಲಿಂಚಿನ ಸ್ಪ್ರೇ ಪೇಂಟ್ ಪೈಪನ್ನೇ ಗನ್ನಿಗೂ ಸಿಕ್ಕಿಸುವ ಅಭ್ಯಾಸ ಬಿಡಬೇಕು. ಒಳವ್ಯಾಸ 10 ಮಿ.ಮೀ. ಇರಲಿ, ಬೋಟಿನ ಇನ್ನೊಂದು ತುದಿಗೆ ಎಳೆಯುವುದಾದರೆ 12.5 ಇರಲಿ. ಕ್ವಿಕ್ ಕಪ್ಲರ್ ಕೂಡ ಕಿರಿದಾದ ಕೊರಳೇ. ಮೂರು ತುಂಡು ಪೈಪು ಜೋಡಿಸಿದರೆ ಮೂರು ಕಡೆ ಒತ್ತಡ ಇಳಿಯುತ್ತದೆ.

ಇನ್ನು ಮಳೆಗಾಲದ ನೀರು. 30 ಡಿಗ್ರಿ ಸೆಖೆ, ಗಾಳಿಯಲ್ಲಿ ಶೇ 90 ತೇವ, ನಿಮಿಷಕ್ಕೆ 300 ಲೀಟರ್ ಎಳೆಯುವ ಕಂಪ್ರೆಸರ್: ಬಿಡದೆ ಓಡಿಸಿ ಗಾಳಿ ತಣಿದರೆ ಗಂಟೆಗೆ ಸುಮಾರು 400 ಮಿಲಿಲೀಟರ್ ನೀರು ಇಳಿಯುತ್ತದೆ. ದಿನಕ್ಕೆ ಮೂರು ಲೀಟರಿಗೂ ಹೆಚ್ಚು! ಒಂದು ಪಾಲು ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ, ಉಳಿದದ್ದು ಬಿಸಿಗಾಳಿಯ ಜೊತೆ ಪೈಪಿಗೆ ಹೋಗಿ ಅಲ್ಲಿ ತಣಿಯುತ್ತದೆ. ಫಿಲ್ಟರನ್ನು ಕಂಪ್ರೆಸರಿನ ಬುಡಕ್ಕೆ ಕಟ್ಟಿದರೆ ನೀರು ಆವಿಯಾಗಿಯೇ ದಾಟಿಬಿಡುತ್ತದೆ. ಕೆಲಸದ ಜಾಗದ ಹತ್ತಿರ, ಗಾಳಿ ತಣಿದ ಮೇಲೆ ಕಟ್ಟಿ, ಅದು ದಾಟಿದ ಮೇಲೆ, ಗನ್ನಿನ ಕಡೆಗೆ, ಗಾಳಿಗೆ ಎಣ್ಣೆ ಬೆರೆಸುವ ಲೂಬ್ರಿಕೇಟರ್ ಕೂರಿಸಿ. ಲೂಬ್ರಿಕೇಟರ್ ಇಲ್ಲದಿದ್ದರೆ ಬೆಳಿಗ್ಗೆ, ಮಧ್ಯಾಹ್ನ ಗನ್ನಿನ ಗಾಳಿಬಾಯಿಗೆ ನಾಲ್ಕೈದು ಹನಿ ಏರ್ ಟೂಲ್ ಎಣ್ಣೆ ಬಿಡಿ, ಐಎಸ್‌ಒ ವಿಜಿ 22 ಅಥವಾ 32 ದರ್ಜೆಯದು. ಎಂಜಿನ್ ಆಯಿಲ್ ಬೇಡ. ಮಂದವಾಗಿ ಪಿಸ್ಟನ್ನನ್ನೇ ಹಿಡಿದುಕೊಳ್ಳುತ್ತದೆ.

ಸೂಜಿ ಹೆಚ್ಚಿದ್ದಷ್ಟೂ ಗನ್ ಒಳ್ಳೆಯದು ಎಂಬ ನಂಬಿಕೆ ತಪ್ಪು. ಸಾಮಾನ್ಯವಾಗಿ ಸಿಗುವುದು 3 ಮಿ.ಮೀ. ದಪ್ಪದ 12, 19 ಅಥವಾ 28 ಸೂಜಿ. ಏಟಿನ ಶಕ್ತಿ ಅಷ್ಟೇ ಇದ್ದು ಸೂಜಿ ಹೆಚ್ಚಿದರೆ ಒಂದೊಂದರ ಪಾಲಿಗೆ ಬರುವುದು ಕಡಿಮೆ. ವೆಲ್ಡಿನ ಸಾಲು, ಫ್ರೇಮಿನ ಮೂಲೆ, ಬ್ರಾಕೆಟ್ಟಿನ ಸಂದಿಗೆ 12 ಸಾಕು. ಡೆಕ್ಕಿನಂಥ ಅಗಲ ಜಾಗಕ್ಕೆ 28 ಸರಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ನೂ ಗಾಳಿಯೂ ಇದ್ದರೆ. ಒಂದೇ ಗನ್ ಕೊಳ್ಳುವವರಿಗೆ 19ರದ್ದು ಹೊಂದುತ್ತದೆ. ತುದಿ ಚಪ್ಪಟೆಯಾದದ್ದು ತುಕ್ಕಿಗೆ, ಉಳಿಯಂತೆ ಹರಿತವಾದದ್ದು ಸ್ಲ್ಯಾಗಿಗೆ (ವೆಲ್ಡಿನ ಮೇಲೆ ಕಟ್ಟುವ ಗಟ್ಟಿ ಚಿಪ್ಪು) ಮತ್ತು ದಪ್ಪ ಹಳೆ ಬಣ್ಣಕ್ಕೆ. ಗನ್ ಕೊಳ್ಳುವ ದಿನವೇ ಎರಡು ಸೆಟ್ ಹೆಚ್ಚಿನ ಸೂಜಿ, ಒಂದು ಸ್ಪ್ರಿಂಗ್ ತೆಗೆದುಕೊಳ್ಳಿ. ಅಂಗಡಿಯವರಲ್ಲಿ ಇವು ಇಲ್ಲ ಎಂದರೆ ಆ ಗನ್ ಎಷ್ಟೇ ಅಗ್ಗವಾದರೂ ಬಿಡಿ. ಸವೆದಾಗ ಇಡೀ ಸೆಟ್ ಬದಲಿಸಬೇಕು. ನಾಲ್ಕು ಹೊಸ ಸೂಜಿ ಹಳೆಯವುಗಳ ನಡುವೆ ಸೇರಿಸಿದರೆ ಉದ್ದವಾದ ಆ ನಾಲ್ಕಕ್ಕೇ ಎಲ್ಲ ಏಟು ಬಿದ್ದು ಮುರಿಯುತ್ತವೆ.

ಸ್ಟೇನ್‌ಲೆಸ್ ಸ್ಟೀಲಿನ ಮೇಲೆ ಮಾಮೂಲಿ ಸೂಜಿ ಓಡಿಸಬಾರದು. ಕಬ್ಬಿಣದ ಕಣಗಳು ಮೈಗೆ ಹೂತು ಅಲ್ಲಿಂದಲೇ ತುಕ್ಕಿನ ಚುಕ್ಕೆ ಹುಟ್ಟುತ್ತದೆ. ಅದಕ್ಕೆ ಸ್ಟೇನ್‌ಲೆಸ್ ಸೂಜಿ ಬೇರೆ ಇದೆ. ಪ್ರೊಪೆಲ್ಲರ್, ಶಾಫ್ಟ್, ಬೋಲ್ಟಿನ ಎಳೆ, ಅಲ್ಯೂಮಿನಿಯಂ, 3 ಮಿ.ಮೀ.ಗಿಂತ ತೆಳ್ಳಗಿನ ತಗಡು, ಇವುಗಳ ಹತ್ತಿರವೂ ಗನ್ ಒಯ್ಯಬೇಡಿ. ಹೊಸದಿದ್ದಾಗ 6 ಮಿ.ಮೀ. ಇದ್ದ ಪ್ಲೇಟು ಈಗ ಎಷ್ಟು ಉಳಿದಿದೆ ಎಂಬುದು ಕಣ್ಣಿಗೆ ತಿಳಿಯದು, ಅಲ್ಟ್ರಾಸಾನಿಕ್ ಥಿಕ್‌ನೆಸ್ ಮೀಟರ್ ಇಟ್ಟು ನೋಡಿ. ಡೀಸೆಲ್ ಟ್ಯಾಂಕಿನ ಗೋಡೆಯಾದರೆ ಆವಿ ಪೂರ್ತಿ ಹೊರಹಾಕಿ ಗ್ಯಾಸ್ ಪರೀಕ್ಷೆ ಆಗುವ ತನಕ ಮುಟ್ಟಬಾರದು. ಕಿಡಿ ಬಾರದ ತಾಮ್ರದ ಮಿಶ್ರಲೋಹದ ಸೂಜಿ ಹಾಕಿದ್ದೇವೆ ಎಂಬುದು ಅದಕ್ಕೆ ಬದಲಿಯಲ್ಲ.

ವೆಲ್ಡಿಂಗಿನ ವಿಷಯಕ್ಕೆ ಬಂದರೆ, 6013 ಎಂಬ ಬಗೆಯ ವೆಲ್ಡಿಂಗ್ ರಾಡಿನ ಸ್ಲ್ಯಾಗ್ ಸರಿಯಾದ ಕರೆಂಟಿನಲ್ಲಿ ಹೊಡೆದಿದ್ದರೆ ಚಿಪ್ಪಿಂಗ್ ಹ್ಯಾಮರಿಗೇ ಬಿಟ್ಟುಕೊಳ್ಳುತ್ತದೆ. ಗನ್ನಿನ ಉಪಯೋಗ ಕಾಣುವುದು ಸಾಲಿನ ಅಂಚಿನ ಸಂದಿಯಲ್ಲಿ, 7018 ರಾಡಿನಲ್ಲಿ ಹಲವು ರನ್ (ವೆಲ್ಡಿನ ಪದರ) ಹಾಕುವಾಗ ಎರಡು ಸಾಲುಗಳ ನಡುವೆ ಕಚ್ಚಿಕೊಂಡ ಸ್ಲ್ಯಾಗಿನಲ್ಲಿ. ಅದನ್ನು ಬಿಟ್ಟು ಮೇಲೆ ಇನ್ನೊಂದು ರನ್ ಹಾಕಿದರೆ ಒಳಗೇ ಉಳಿದುಬಿಡುತ್ತದೆ. ಹಗುರವಾಗಿ ಆಡಿಸಿ, ಸ್ಲ್ಯಾಗ್ ಹೋದ ತಕ್ಷಣ ನಿಲ್ಲಿಸಿ. ಅಮೆರಿಕದ ಡಿ1.1 ವೆಲ್ಡಿಂಗ್ ಸಂಹಿತೆ ಬುಡದ ರನ್ನನ್ನೂ ಮೇಲ್ಮೈ ರನ್ನನ್ನೂ ಬಡಿದು ತಟ್ಟುವುದನ್ನು ನಿಷೇಧಿಸಿದೆ, ಆದರೆ ಸ್ಲ್ಯಾಗ್ ತೆಗೆಯಲು ಹಗುರವಾದ ಕಂಪಿಸುವ ಉಪಕರಣ ಬಳಸಬಹುದು ಎಂದೂ ಹೇಳಿದೆ. ಗೆರೆ ತೆಳುವಾದದ್ದು. ಒಂದೇ ಜಾಗದಲ್ಲಿ ಬಡಿಯುತ್ತ ನಿಂತರೆ ಲೋಹ ಹರಡಿ ಸಣ್ಣ ಬಿರುಕಿನ ಬಾಯಿ ಮುಚ್ಚಿಹೋಗುತ್ತದೆ. ಆಮೇಲೆ ಡೈ ಹಚ್ಚಿ ಪರೀಕ್ಷಿಸಿದರೂ ಅದು ಕಾಣದು. ನೀರಿನ ಮಟ್ಟದ ಕೆಳಗಿನ ವೆಲ್ಡಿನಲ್ಲಿ ಅಂಥ ಬಿರುಕು ಉಳಿದರೆ ಏನಾಗುತ್ತದೆ ಎಂದು ಮೀನುಗಾರರಿಗೆ ಹೇಳಬೇಕಿಲ್ಲ. ಪರೀಕ್ಷೆ ಇರುವ ಸಾಲಿಗೆ ಕೊನೆಯ ಶುಚಿ ವಯರ್ ಬ್ರಷ್‌ನಿಂದಲೇ ಆಗಲಿ. ಸಿಡಿದು ಅಂಟಿದ ಸ್ಪಾಟರ್ ಗುಂಡುಗಳಿಗೆ ಸೂಜಿ ಸಾಲದು, ಗನ್ನಿನ ಮುಂಭಾಗ ಬಿಚ್ಚಿ ಉಳಿ ಹಾಕುವ ಸೌಲಭ್ಯ ಕೆಲವು ಮಾದರಿಗಳಲ್ಲಿದೆ.

ನಮಗೆ ಹೆಚ್ಚು ಕಳವಳ ಇರುವುದು ಕೈ ನಡುಗುವುದರ ಬಗ್ಗೆ. ಯುರೋಪ್ 2002ರ ನಿರ್ದೇಶನದಲ್ಲಿ ಕೈಗೆ ತಗಲುವ ಕಂಪನಕ್ಕೆ ಎಂಟು ಗಂಟೆಯ ಸರಾಸರಿಯಾಗಿ ಎರಡು ಗಡಿ ಹಾಕಿದೆ. ಕಂಪನದ ತೀವ್ರತೆ ಸೆಕೆಂಡ್ ವರ್ಗಕ್ಕೆ 2.5 ಮೀಟರ್ ದಾಟಿದರೆ ಮಾಲೀಕ ಕ್ರಮ ಕೈಗೊಳ್ಳಬೇಕು, 5 ಮೀಟರ್ ದಾಟಲೇಬಾರದು. ಕಂಪನ ತಗ್ಗಿಸಿ ಮಾಡಿದ ಗನ್ 7 ಮೀಟರ್ ಎಂದುಕೊಳ್ಳಿ: ಟ್ರಿಗರ್ ಒತ್ತಿದ ಸಮಯ ಒಂದು ಗಂಟೆ ಆದಾಗ ಮೊದಲ ಗಡಿ, ನಾಲ್ಕು ಗಂಟೆಗೆ ಎರಡನೆಯದು. ಹಳೆಯ ಮಾದರಿಯ ಗನ್ 15 ಮೀಟರ್ ಇದ್ದರೆ ಮೊದಲ ಗಡಿ 13 ನಿಮಿಷಕ್ಕೆ, ಎರಡನೆಯದು 53 ನಿಮಿಷಕ್ಕೆ. ಕಂಪನ ಎರಡು ಪಟ್ಟಾದರೆ ಸಮಯ ಕಾಲು ಭಾಗಕ್ಕೆ ಇಳಿಯುತ್ತದೆ. ಬೆಲೆಯ ವ್ಯತ್ಯಾಸ ಇಲ್ಲಿ ಅರ್ಥವಾಗಬೇಕು: ಒಬ್ಬ ಅರ್ಧ ದಿನ ಮಾಡಬಹುದಾದ ಕೆಲಸಕ್ಕೆ ಅಗ್ಗದ ಗನ್ನಿನಲ್ಲಿ ನಾಲ್ಕೈದು ಜನ ಸರದಿಯಲ್ಲಿ ಬೇಕು. ವಾಸ್ತವದಲ್ಲಿ ಸರದಿ ಇರುವುದಿಲ್ಲ, ಒಬ್ಬ ಹುಡುಗನೇ ದಿನವಿಡೀ ಹಿಡಿದಿರುತ್ತಾನೆ.

ಕಂಪನದ ಅಂಕಿ ಗನ್ನಿನ ಜೊತೆಯ ಪುಸ್ತಿಕೆಯಲ್ಲಿ ಇರಬೇಕು. ಅದನ್ನು ಐಎಸ್‌ಒ 28927-9ರಂತೆ ಅಳೆದಿದ್ದಾರೆಯೇ ನೋಡಿ. ಹಳೆಯ 8662-14ರಂತೆ ಅಳೆದದ್ದಾದರೆ ಅದು ಒಂದೇ ದಿಕ್ಕಿನ ಕಂಪನ, ಮೂರು ದಿಕ್ಕು ಸೇರಿಸಿದ ಹೊಸ ಅಂಕಿಗೆ ಹೋಲಿಸುವಂತಿಲ್ಲ. ಅಂಕಿಯೇ ಇಲ್ಲದ ಗನ್ ಕೊಳ್ಳಬೇಡಿ. ಕಂಪನ ತಡೆಯುವ ಕೈಗವಸು ಹಾಕಿದರೆ ಸಾಕು ಎಂಬ ಮಾತೂ ನಂಬಬೇಡಿ. ಏಟು ಹೊಡೆಯುವ ಉಪಕರಣಗಳ ನಿಧಾನದ ಕಂಪನವನ್ನು ಅವು ಹೆಚ್ಚೇನೂ ತಡೆಯವು. ಚಳಿದೇಶಗಳಲ್ಲಿ ಕಂಪನದಿಂದ ಕೈಗೆ ಬರುವ ರೋಗದ ಗುರುತು ಬೆರಳು ಬಿಳುಚುವುದು. ನಮ್ಮ ಸೆಖೆಯಲ್ಲಿ ಅದು ಅಪರೂಪ, ಮೊದಲು ಬರುವುದು ಜೋಮು. ರಾತ್ರಿ ಬೆರಳು ಜುಮುಗುಟ್ಟುವುದು, ಅಂಗಿಯ ಗುಂಡಿ ಹಾಕಲು ತಡಕಾಡುವುದು, ಬಲೆಯ ಗಂಟು ಬಿಚ್ಚಲಾಗದಿರುವುದು ಶುರುವಾದರೆ ಆ ಹುಡುಗನಿಂದ ಗನ್ ತೆಗೆದುಕೊಂಡು ವೈದ್ಯರಲ್ಲಿಗೆ ಕಳಿಸಿ. ಬೆಳೆದ ಮೇಲೆ ಇದು ಪೂರ್ತಿ ವಾಸಿಯಾಗುವುದಿಲ್ಲ.

ಕಿವಿಗೆ ಮಫ್, ಕಣ್ಣಿಗೆ ಸುತ್ತ ಮುಚ್ಚುವ ಕನ್ನಡಕ, ಮೂಗಿಗೆ ಧೂಳು ತಡೆಯುವ, ಐಎಸ್ 9473 ಗುರುತಿನ ಮಾಸ್ಕ್ ಬೇಕೇ ಬೇಕು. ಹಳೆಯ ಬೋಟಿನ ಕೆಳಪದರದಲ್ಲಿ ಕಿತ್ತಳೆಗೆಂಪು ರೆಡ್ ಲೆಡ್ ಕಂಡರೆ ಅದರ ಧೂಳು ಸೀಸ. ಅಲ್ಲಿ ಧೂಳನ್ನು ಹೆಚ್ಚು ತಡೆಯುವ ಎಫ್‌ಎಫ್‌ಪಿ 3 ದರ್ಜೆಯ ಮಾಸ್ಕ್ ಹಾಕಿ, ಕೈತೊಳೆಯದೆ ಚಹಾ ಲೋಟ ಮುಟ್ಟಬೇಡಿ.

ಗನ್ ಕೆಡುವ ಬಗೆ ಹೆಚ್ಚಿಲ್ಲ. ಟ್ರಿಗರ್ ಒತ್ತಿದರೆ ಬರೀ ಗಾಳಿ ಹೋಗಿ ಏಟು ಬರದಿದ್ದರೆ ಪಿಸ್ಟನ್ ನೀರಿಗೆ ತುಕ್ಕು ಹಿಡಿದು ಕಚ್ಚಿದೆ. ಪೈಪು ಕಳಚಿ, ಸೀಮೆಎಣ್ಣೆ ಬಿಟ್ಟು ನೆನೆಸಿ, ತೊಳೆದು ಮತ್ತೆ ಎಣ್ಣೆ ಹಾಕಿ. ಸೂಜಿ ಮುಂದೆ ಹೋಗಿ ಹಿಂದೆ ಬರದಿದ್ದರೆ ತಲೆ ಅಣಬೆಯಂತೆ ಹರಡಿದೆ, ಇಲ್ಲವೇ ಸ್ಪ್ರಿಂಗ್ ತುಂಡಾಗಿದೆ. ಪದೇ ಪದೇ ಸೂಜಿ ಮುರಿದರೆ ಯಾರೋ ಗನ್ನನ್ನು ಕಬ್ಬಿಣಕ್ಕೆ ತಾಗಿಸದೆ ಖಾಲಿ ಓಡಿಸುತ್ತಿದ್ದಾರೆ.

ಕೆಲಸದ ಕ್ರಮವೂ ಮುಖ್ಯ. ಮೊದಲು ಸಿಹಿನೀರಿನಿಂದ ಉಪ್ಪು ತೊಳೆದು, ಗ್ರೀಸು ಒರೆಸಿ, ಒಣಗಿದ ಮೇಲೆ ಗನ್ ಹಿಡಿಯಿರಿ. ಉಪ್ಪಿನ ಮೇಲೆ ಬಡಿದರೆ ಅದು ಕುಳಿಯೊಳಗೇ ಕೂರುತ್ತದೆ. ಸೂಜಿ ಬಿಟ್ಟ ಮೊನಚು ಅಂಚುಗಳನ್ನು ಸ್ಯಾಂಡಿಂಗ್ ಡಿಸ್ಕಿನಿಂದ ಸವರಿ, ಇಲ್ಲದಿದ್ದರೆ ಅವುಗಳ ತುದಿಯಲ್ಲಿ ಬಣ್ಣ ತೆಳುವಾಗಿ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ನಮ್ಮ ತೇವದಲ್ಲಿ ಬೆತ್ತಲೆ ಕಬ್ಬಿಣ ಕೆಲವೇ ಗಂಟೆಗಳಲ್ಲಿ ಕೆಂಪಾಗುತ್ತದೆ. ಆ ದಿನ ಪ್ರೈಮರ್ ಬಳಿಯಲು ಆಗುವಷ್ಟನ್ನೇ ಬಿಡಿಸಿ. ಬೋಟಿನ ಇಡೀ ಹೊರಮೈಗೆ ಇದು ಬಹಳ ನಿಧಾನ, ಅಷ್ಟು ಕೆಲಸವಿದ್ದರೆ ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಹರಳು ಸಿಡಿಸಿ ತುಕ್ಕು ತೆಗೆಯುವುದು) ಮಾಡಿಸುವುದೇ ಲೇಸು.

ಬೋಟು ಮಾಲೀಕರಲ್ಲಿ ನಮ್ಮ ಕೋರಿಕೆ ಚಿಕ್ಕದು. ಗನ್ನಿನ ಬಿಲ್ಲಿನ ಮೇಲೆ ಕಂಪನದ ಅಂಕಿ, ನಿರಂತರ ಗಾಳಿ ಬಳಕೆ ಎರಡನ್ನೂ ಅಂಗಡಿಯವರಿಂದ ಬರೆಸಿಕೊಳ್ಳಿ. ಆ ಅಂಕಿಯಿಂದ ಬರುವ ನಿಮಿಷಗಳನ್ನು ಬೋಟಿನ ಪಕ್ಕ ಒಂದು ಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆದಿಡಿ, ಯಾರು ಎಷ್ಟು ಹೊತ್ತು ಟ್ರಿಗರ್ ಹಿಡಿದರು ಎಂಬುದನ್ನು ಅದರ ಕೆಳಗೇ ಗುರುತು ಹಾಕುತ್ತ ಹೋಗಿ.

— ಬೋಟು ಫ್ಯಾಬ್ರಿಕೇಶನ್ ಕೆಲಸಗಾರರು, ಮಲ್ಪೆ