ಕುರಿಯ ಮಂಡಿ ಸರಿಹೋದರೆ ಅಮ್ಮನ ಮಂಡಿ ಸರಿಹೋಗುತ್ತಾ?

ಸಂಪಾದಕರಿಗೆ,

ಕುರಿಯ ಮಂಡಿಯೊಳಗೆ ಸ್ಕ್ಯಾಫೋಲ್ಡ್ (ಹೊಸ ಅಂಗಾಂಶ ಬೆಳೆಯಲು ಆಸರೆಯಾಗುವ ಚೌಕಟ್ಟು) ಇಟ್ಟು ಕಾರ್ಟಿಲೇಜ್, ಅಂದರೆ ಕೀಲಿನಲ್ಲಿ ಮೂಳೆಯ ತುದಿ ಮುಚ್ಚುವ ನುಣುಪಾದ ಪದರ, ಬೆಳೆಸಿದ ಸುದ್ದಿಯನ್ನು ಮೊನ್ನೆ ನೀವು ಮುಖಪುಟದಲ್ಲೇ ಹಾಕಿದಿರಿ. ‘ಮಂಡಿನೋವಿಗೆ ಇನ್ನು ಮುಕ್ತಿ’ ಅಂತ ಅಷ್ಟು ದಪ್ಪ ಅಕ್ಷರದ ತಲೆಬರಹ ಬೇರೆ. ಅದನ್ನು ಓದಿದ ನಮ್ಮಮ್ಮ ಮಂಡಿ ಬದಲಿಸುವ ಆಪರೇಷನ್ನೇ ಬೇಡ ಅಂದುಬಿಟ್ಟರು. ಎಷ್ಟೋ ತಿಂಗಳು ಕಾದು ಸಿಕ್ಕಿದ್ದ ತಾರೀಖು ಅದು. ನಾನು ಮನೆಗೆ ಬರುವಷ್ಟರಲ್ಲಿ ಆಸ್ಪತ್ರೆಗೆ ಫೋನ್ ಮಾಡಿ ರದ್ದು ಮಾಡಿಸಿಯೂ ಆಗಿತ್ತು. ಈಗ ಮತ್ತೆ ತಾರೀಖು ಕೇಳಿದರೆ ಪಟ್ಟಿಯ ಕೊನೆಗೆ ಹೆಸರು ಬರೆಸಿ ಅನ್ನುತ್ತಾರೆ. ಇದಕ್ಕೆ ಯಾರು ಹೊಣೆ?

ಮಾರನೇ ದಿನವೇ ‘ಪೇಪರ್‌ನಲ್ಲಿ ಬಂದ ಟ್ರೀಟ್‌ಮೆಂಟ್ ಕೊಡಿಸು’ ಅಂತ ಹಟ ಹಿಡಿದರು. ರಜೆ ಹಾಕಿ ಕರೆದುಕೊಂಡು ಹೋದೆ, ಆ ದಿನದ ಸಂಬಳ ಹೋಯಿತು. ಮೂಳೆ ವಿಭಾಗ ಇರುವುದು ಮೇಲಿನ ಮಹಡಿಯಲ್ಲಿ, ಲಿಫ್ಟ್ ಕೆಟ್ಟಿದೆ. ಸುತ್ತು ಹಾಕಿ ಇಳಿಜಾರಿನಲ್ಲಿ ತಳ್ಳಿಕೊಂಡು ಹೋಗೋಣ ಅಂದರೆ ಸಿಕ್ಕ ವೀಲ್‌ಚೇರಿಗೆ ಒಂದು ಕಡೆ ಕಾಲಿಡುವ ಹಲಗೆಯೇ ಇಲ್ಲ. ಬಿಟ್ಟರೆ ಪಾದ ನೆಲಕ್ಕೆ ಉಜ್ಜುತ್ತದೆ ಅಂತ ಅಮ್ಮ ಆ ನೋವಿನ ಕಾಲನ್ನು ಎರಡೂ ಕೈಯಿಂದ ಎತ್ತಿ ಹಿಡಿದುಕೊಂಡೇ ಕೂತಿದ್ದರು. ಚೀಟಿ ಕೊಡುವವರು ನಮ್ಮ ಕೈಯಲ್ಲಿದ್ದ ಪೇಪರ್ ತುಂಡು ನೋಡಿದ ಕೂಡಲೇ, ‘ಇವತ್ತು ಬಂದವರೆಲ್ಲ ಇದನ್ನೇ ತೋರಿಸ್ತಿದ್ದಾರೆ’ ಅಂತ ಸಿಡುಕಿದರು.

ಡಾಕ್ಟರ್ ಮಾತ್ರ ತಾಳ್ಮೆಯಿಂದ ಕೂರಿಸಿ ಹೇಳಿದರು. ಆಮೇಲೆ ರಾತ್ರಿ ನಾನೂ ಕೂತು ಓದಿದೆ. ಓದಿದಷ್ಟೂ ಸಿಟ್ಟು ಜಾಸ್ತಿಯಾಯಿತು. ನಿಮ್ಮ ವರದಿಗಾರರು ಕೇಳಲೇಬೇಕಿದ್ದ ಪ್ರಶ್ನೆಗಳಲ್ಲಿ ಒಂದನ್ನೂ ಕೇಳಿಲ್ಲ.

ಕುರಿ, ಮೇಕೆ, ಹಂದಿ, ಕುದುರೆಗಳಲ್ಲಿ ಈ ಪ್ರಯೋಗ ಹೇಗೆ ನಡೆಯುತ್ತದೆ ಗೊತ್ತೇ? ಚೆನ್ನಾಗಿರುವ ಕೀಲಿನಲ್ಲಿ ದುಂಡಗೆ ಒಂದು ಗುಳಿ ಕೊರೆಯುತ್ತಾರೆ. ಮೇಕೆಯಲ್ಲಾದರೆ ಸುಮಾರು 6 ಮಿಲಿಮೀಟರ್ ಅಗಲ. ಅದಕ್ಕಿಂತ ಚಿಕ್ಕದಾದರೆ ತಾನಾಗಿಯೇ ಸ್ವಲ್ಪ ತುಂಬಿಕೊಳ್ಳಬಹುದು ಅನ್ನುವ ಲೆಕ್ಕ. ಆ ಗುಳಿಯೊಳಗೆ ಸ್ಕ್ಯಾಫೋಲ್ಡ್ ಕೂರಿಸುತ್ತಾರೆ. ಸುತ್ತಲಿನ ಕಾರ್ಟಿಲೇಜ್ ಗಟ್ಟಿಮುಟ್ಟಾಗಿಯೇ ಇರುತ್ತದೆ. ಅಮ್ಮನ ಮಂಡಿಯಲ್ಲಿ ಗುಳಿ ಎಲ್ಲಿದೆ? ಇಡೀ ಕೀಲೇ ಸವೆದಿದೆ, ಎಕ್ಸ್‌ರೇಯಲ್ಲಿ ಮೂಳೆಗೆ ಮೂಳೆ ತಾಗಿದ್ದು ನನಗೇ ಕಾಣುತ್ತದೆ. ಬಿದ್ದು ಪೆಟ್ಟಾಗಿ ಒಂದು ಜಾಗದಲ್ಲಿ ಕಾರ್ಟಿಲೇಜ್ ಕಿತ್ತುಹೋದವರಿಗೂ, ಪೂರ್ತಿ ಸವೆದವರಿಗೂ ವ್ಯತ್ಯಾಸ ಇದೆ ಅಂತ ಒಂದು ಸಾಲು ಹಾಕಿದ್ದರೆ ನಮ್ಮ ತಾರೀಖು ಉಳಿಯುತ್ತಿತ್ತು.

ಕುರಿಯ ಮಂಡಿಯ ಕಾರ್ಟಿಲೇಜ್ ನಮ್ಮದಕ್ಕಿಂತ ಬಹಳ ತೆಳು. ನಮ್ಮದು 2 ಮಿಲಿಮೀಟರಿಗೂ ಜಾಸ್ತಿ ದಪ್ಪ ಇರುತ್ತದೆ, ಅದಕ್ಕೆ ಹತ್ತಿರ ಬರುವುದು ಕುದುರೆಯದ್ದು. ಎಳೆಯ ಪ್ರಾಣಿಯಾದರೆ ಗಾಯ ಬೇಗ ಮಾಯುತ್ತದೆ, ಆದ್ದರಿಂದ ಮೂಳೆಯ ಬೆಳವಣಿಗೆ ಮುಗಿದ ಪ್ರಾಣಿಯನ್ನೇ ತೆಗೆದುಕೊಳ್ಳಬೇಕು. ಏನೂ ಇಡದೆ ಖಾಲಿ ಬಿಟ್ಟ ಗುಳಿಯ ಜೊತೆ ಹೋಲಿಸಬೇಕು. ಆ ಕುರಿಗಳ ವಯಸ್ಸೆಷ್ಟು, ಯಾವುದರ ಜೊತೆ ಹೋಲಿಸಿದರು, ಒಂದೂ ವರದಿಯಲ್ಲಿ ಇಲ್ಲ. ಕೊನೆಯ ಸಾಲಿನಲ್ಲಿ ‘ಮೂರು ತಿಂಗಳು’ ಅಂತ ಮಾತ್ರ ಇದೆ. ಮಂಡಿಯ ಕಾರ್ಟಿಲೇಜ್ ಚಿಕಿತ್ಸೆಗಳ ಬಗ್ಗೆ ಅಮೆರಿಕದಲ್ಲಿ ಔಷಧಿ, ಚಿಕಿತ್ಸೆಗಳಿಗೆ ಅನುಮತಿ ಕೊಡುವ ಸಂಸ್ಥೆ ಎಫ್‌ಡಿಎ 2011ರಲ್ಲಿ ಕೊಟ್ಟ ಮಾರ್ಗಸೂಚಿ ಬಯಸುವುದು ದೊಡ್ಡ ಪ್ರಾಣಿಗಳಲ್ಲಿ ವರ್ಷದಷ್ಟು ಕಾಲದ ಪರೀಕ್ಷೆ. ಮೂರು ತಿಂಗಳಿಗೆ ಮುಕ್ತಿ ಘೋಷಿಸಲು ನಿಮಗೆ ಯಾರು ಹೇಳಿದರು?

ಗುಳಿ ತುಂಬಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ತುಂಬಿಕೊಂಡಿದ್ದು ನಾರಿನಂಥ ಗಾಯದ ಅಂಗಾಂಶವೋ, ಭಾರ ತಡೆಯುವ ನಿಜವಾದ ಕಾರ್ಟಿಲೇಜೋ ಅಂತ ಬರಿಗಣ್ಣಿಗೆ ತಿಳಿಯುವುದಿಲ್ಲ. ಅದಕ್ಕೇ ಕೊನೆಗೆ ಆ ಪ್ರಾಣಿಗಳನ್ನು ಕೊಂದು, ಕೀಲನ್ನು ತೆಳುವಾಗಿ ಸೀಳಿ, ಸಫ್ರನಿನ್ ಅನ್ನುವ ಕೆಂಪು ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಒಳ್ಳೆಯ ಕಾರ್ಟಿಲೇಜ್ ಕೆಂಪಗೆ ಹಿಡಿದುಕೊಳ್ಳುತ್ತದೆ, ಕಳಪೆಯದು ಪೇಲವವಾಗಿ ಕಾಣುತ್ತದೆ. ನೀವು ಹಾಕಿದ ಫೋಟೋದಲ್ಲಿ ಕುರಿ ಹಾಯಾಗಿ ಮೇಯುತ್ತಿದೆ. ಈ ಪ್ರಯೋಗ ಬೇಡ ಅಂತ ನಾನು ಹೇಳುತ್ತಿಲ್ಲ, ನೇರವಾಗಿ ಮನುಷ್ಯರ ಮೇಲೆ ಮಾಡಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಜೀವ ಕೊಟ್ಟ ಪ್ರಾಣಿಯ ಬಗ್ಗೆಯಾದರೂ ಪೂರ್ತಿ ನಿಜ ಬರೆಯಬೇಕು. ಆಪರೇಷನ್ ಆದ ಕುರಿಗೆ ‘ಕಾಲು ಊರಬೇಡ’ ಅಂತ ಹೇಳಲಾಗುವುದಿಲ್ಲ, ಎದ್ದ ಕೂಡಲೇ ಊರುತ್ತದೆ. ಎಷ್ಟು ನೋಯುತ್ತಿದೆ ಅಂತ ಅದು ಹೇಳುವುದೂ ಇಲ್ಲ. ನಮಗೆ ಬೇಕಾದ್ದು ನೋವು ಕಡಿಮೆಯಾಗುತ್ತಾ ಅನ್ನುವುದೇ ಅಲ್ವಾ?

ಮೇಕೆಯಿಂದ ಮನುಷ್ಯರವರೆಗೆ ಬಂದ ಉದಾಹರಣೆ ಇಲ್ಲ ಅಂತಲ್ಲ. ಅಗಿಲಿ-ಸಿ ಅನ್ನುವ, ಹವಳದಿಂದ ಮಾಡಿದ ಇಂಪ್ಲಾಂಟ್ ಇದೆ. ಅದನ್ನು ಮೇಕೆಗಳಲ್ಲಿ ನೋಡಿ, ಆಮೇಲೆ ನೂರಾರು ರೋಗಿಗಳಲ್ಲಿ ಬೇರೆ ಆಪರೇಷನ್‌ಗಳ ಜೊತೆ ಹೋಲಿಸಿ, ಎಷ್ಟೋ ವರ್ಷ ಕಾದ ಮೇಲೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕಾರ್ಟಿಲೇಜ್ ಒಮ್ಮೆ ಹಾಳಾದರೆ ಮತ್ತೆ ಬರುವುದಿಲ್ಲ ಅಂತ ವಿಲಿಯಂ ಹಂಟರ್ ಅನ್ನುವ ವೈದ್ಯರು 1743ರಲ್ಲೇ ಬರೆದಿದ್ದರಂತೆ. ಅಷ್ಟು ಹಳೆಯ ಕಷ್ಟ ಒಂದು ತಲೆಬರಹಕ್ಕೆ ಬಗೆಹರಿಯುತ್ತದೆಯೇ?

ಇನ್ನು ಆರೋಗ್ಯ ಇಲಾಖೆಯ ಅಧಿಕಾರಿಗಳು. ಇಷ್ಟು ಗಲಾಟೆಯಾದರೂ ಒಂದು ಸ್ಪಷ್ಟನೆ ಕೊಡಲಿಲ್ಲ. ಯಾವಾಗ ಕೊಟ್ಟಿದ್ದಾರೆ? ಮಂಡಿಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಅಂತ ಗೋಡೆ ತುಂಬ ಜಾಹೀರಾತು ಅಂಟಿಸಿದಾಗ ನಾನೇ ದೂರು ಬರೆದುಕೊಟ್ಟಿದ್ದೆ. ತಲುಪಿತು ಅನ್ನುವ ಉತ್ತರ ಕೂಡ ಬರಲಿಲ್ಲ. ಲಿಫ್ಟ್ ಬಗ್ಗೆ ಕೊಟ್ಟ ಅರ್ಜಿಗೆ ‘ಸಂಬಂಧಪಟ್ಟ ವಿಭಾಗಕ್ಕೆ ಕಳುಹಿಸಲಾಗಿದೆ’ ಅಂತ ಕಾಗದ ಬಂತು, ಲಿಫ್ಟ್ ಇನ್ನೂ ಕೆಟ್ಟೇ ಇದೆ. ಮಂಡಿನೋವಿನವರೇ ಬರುವ ವಿಭಾಗವನ್ನು ಮೇಲಿನ ಮಹಡಿಯಲ್ಲಿ ಇಟ್ಟವರು ಯಾರು? ಅವರು ಒಂದು ಸಲವಾದರೂ ಆ ಇಳಿಜಾರಿನಲ್ಲಿ ವೀಲ್‌ಚೇರ್ ತಳ್ಳಿ ನೋಡಲಿ.

ಅದೇ ಮುಖಪುಟದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ನೀವು ತಿದ್ದುಪಡಿ ಹಾಕಬೇಕು. ಅದೊಂದೇ ಸಾಲದು. ಪ್ರಾಣಿಗಳಲ್ಲಿ ನಡೆದ ಪ್ರಯೋಗ ಅಂತ ತಲೆಬರಹದಲ್ಲೇ ಇರಬೇಕು. ಸುದ್ದಿ ನಂಬಿ ಆಪರೇಷನ್ ರದ್ದು ಮಾಡಿಸಿದವರಿಗೆ ಹಳೆಯ ತಾರೀಖನ್ನೇ ವಾಪಸ್ ಕೊಡಿಸಬೇಕು, ಇಲಾಖೆಯವರು ಕೊಡಿಸಲಿ, ಇಲ್ಲ ನೀವೇ ಹೇಳಿ ಕೊಡಿಸಿ. ಆ ಲಿಫ್ಟನ್ನೂ ಯಾರಾದರೂ ನೋಡಿ. ನೋವು ತಿನ್ನುತ್ತಾ ಕೂತವರಿಗೆ ಸುಮ್ನೆ ಆಸೆ ಹುಟ್ಟಿಸಿ ಕೈಬಿಟ್ಟಿದ್ದೀರಿ, ನಿಮಗೂ ಇಲಾಖೆಯವರಿಗೂ ನಾಚಿಕೆಯಾಗಬೇಕು.

ಇಂತಿ,
ನಿಮ್ಮ ಹಳೆಯ ಓದುಗಿ