ಅಂಗೈ ಉರಿಯೂ ನಿನ್ನ ಲೆಕ್ಕಕ್ಕೆ ಬರಲಿ

ಚಿ. ಸಿಂಚನಾಗೆ ದೊಡ್ಡಮ್ಮನ ಆಶೀರ್ವಾದಗಳು.

ಮದ್ದು ತುಂಬುವ ಕೊಬ್ಬಿನ ಪುಟ್ಟ ಗುಳ್ಳೆಗೆ, ಅಂದರೆ ಲಿಪೊಸೋಮ್‌ಗೆ, ಪಾಲಿಮರ್ ಹೊದಿಸುವ ಕೆಲಸವನ್ನೇ ಪಿಎಚ್.ಡಿ.ಗೆ ಆರಿಸಿಕೊಂಡಿದ್ದೀಯ ಅಂತ ನಿಮ್ಮಪ್ಪ ಹೇಳಿದ. ತುಂಬಾ ಖುಷಿಯಾಯಿತು. ಕ್ಯಾನ್ಸರ್ ವಾರ್ಡಿನಲ್ಲಿ ಅಂಥ ಮದ್ದನ್ನು ಎಷ್ಟೋ ಜನರಿಗೆ ನನ್ನ ಕೈಯಾರೆ ಹಾಕಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಡಾಕ್ಸೊರುಬಿಸಿನ್ ಅನ್ನೋ ಕ್ಯಾನ್ಸರ್ ಮದ್ದನ್ನು ಗುಳ್ಳೆಯಿಲ್ಲದೆ ಬರೀ ಕೊಡುವಾಗ ನಮಗೆ ಹೃದಯದ್ದೇ ಭಯ. ಒಟ್ಟು ಡೋಸ್ ಏರಿದಂತೆ ಅದು ಸೋಲುವ ಅಪಾಯ ಹೆಚ್ಚುತ್ತದೆ. ಅದೇ ಮದ್ದನ್ನು ಸುಮಾರು 100 ನ್ಯಾನೋಮೀಟರಿನ ಕೊಬ್ಬಿನ ಗುಳ್ಳೆಯೊಳಗೆ ತುಂಬಿ, ಮೇಲೆ ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್) ಅನ್ನೋ ಪಾಲಿಮರ್ ಹೊದಿಸಿದರು. ಪೆಗ್ ತನ್ನ ಸುತ್ತ ನೀರು ಹಿಡಿದಿಟ್ಟುಕೊಳ್ಳುತ್ತದೆ. ರಕ್ತದ ಪ್ರೋಟೀನುಗಳು ಅಂಟುವುದು ಕಮ್ಮಿ. ಲಿವರಿನ ಕಾವಲು ಕೋಶಗಳಿಗೆ ಬೇಗ ಸಿಗದೆ ದಿನಗಟ್ಟಲೆ ಸುತ್ತುತ್ತದೆ. ಹೃದಯಕ್ಕೆ ಪೆಟ್ಟು ಕಡಿಮೆ. 1995ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ ಡಾಕ್ಸಿಲ್ ಇದೇ.

ಆದರೆ ಹಾಗೆ ಸುತ್ತುವ ಮದ್ದು ಗಡ್ಡೆಗೆ ಮಾತ್ರ ಹೋಗುವುದಿಲ್ಲ ಕಣೇ. ಅಂಗೈ, ಅಂಗಾಲಿನ ಚರ್ಮಕ್ಕೂ ಇಳಿಯುತ್ತದೆ. ರೊಟ್ಟಿ ತಟ್ಟಿ ಮಾರುತ್ತಿದ್ದ ಒಬ್ಬ ತಾಯಿ ನನಗಿನ್ನೂ ನೆನಪಿದ್ದಾರೆ. ಮೂರನೇ ಸಲ ಬರುವಷ್ಟರಲ್ಲಿ ಅಂಗೈ ಕೆಂಪಾಗಿ ಸಿಪ್ಪೆ ಏಳುತ್ತಿತ್ತು. ಹೃದಯದ ಎಕೋ ರಿಪೋರ್ಟ್ ಚೆನ್ನಾಗಿಯೇ ಇತ್ತು. "ಹಿಟ್ಟು ಮುಟ್ಟೋಕಾಗಲ್ಲ ಸಿಸ್ಟರ್" ಅಂದರು. ಡೋಸ್ ಮುಂದಕ್ಕೆ ಹಾಕಬೇಕಾಯಿತು. ಬಿಸಿನೀರು ಬೇಡ, ಬಿಗಿ ಚಪ್ಪಲಿ ಬೇಡ ಅಂತ ಹೇಳಿ ಕಳಿಸಿದೆ. ರೊಟ್ಟಿ ತಟ್ಟಬೇಡಿ ಅನ್ನಲು ಮಾತ್ರ ನನಗೆ ಬಾಯಿ ಬರಲಿಲ್ಲ.

ಹಾಗಾಗಿ ನಿನ್ನ ಗುಳ್ಳೆ ಎಷ್ಟು ಹೊತ್ತು ರಕ್ತದಲ್ಲಿ ಉಳಿಯಿತು ಅಂತ ಅಳೆದು ಸುಮ್ನೆ ಆಗಬೇಡ. ಉಳಿದಷ್ಟು ಹೊತ್ತು ಎಲ್ಲೆಲ್ಲಿಗೆ ಹೋಯಿತು ಅಂತಲೂ ನೋಡು. ಚರ್ಮವನ್ನು ಮರೆಯಬೇಡ.

ಎರಡನೇ ಡೋಸನ್ನೂ ಕೊಟ್ಟು ನೋಡು. ಪೆಗ್ ಹೊದಿಸಿದ ಖಾಲಿ ಲಿಪೊಸೋಮನ್ನು ಇಲಿಗೆ ಒಮ್ಮೆ ಕೊಟ್ಟು, ವಾರ ಬಿಟ್ಟು ಮತ್ತೆ ಕೊಟ್ಟರೆ ದೇಹ ಅದನ್ನು ರಕ್ತದಿಂದ ಬೇಗ ತೆಗೆದುಹಾಕುತ್ತದೆ. ಅಷ್ಟರಲ್ಲಿ ಪೆಗ್ ವಿರುದ್ಧ ಆಂಟಿಬಾಡಿ ಹುಟ್ಟಿರುತ್ತದೆ. ಒಂದೇ ಡೋಸಿನ ಗ್ರಾಫ್ ನೋಡಿ ಹಿಗ್ಗುವವರು ಜಾಸ್ತಿ. ನಮ್ಮ ರೋಗಿಗಳು ಒಂದೇ ಸಲ ಬಂದು ಹೋಗುವವರಲ್ಲ, ಅಲ್ವಾ?

ಮುಂದೆ ಮೂಗಿನ ಲಸಿಕೆಯ ಕಡೆ ಹೋಗುವ ಆಸೆಯಿದೆಯಂತೆ. ಅಲ್ಲಿ ಕೆಲಸ ತಿರುಗುಮುರುಗು. ಅಂಟದಿರುವುದಲ್ಲ, ಅಂಟಿಕೊಳ್ಳುವುದು ಬೇಕು. ಸಿಗಡಿ ಚಿಪ್ಪಿನಿಂದ ತೆಗೆಯುವ ಕೈಟೊಸಾನ್ ಲೋಳೆಗೆ ಹತ್ತಿಕೊಳ್ಳುತ್ತದೆ, ಅದಕ್ಕೇ ಅದನ್ನು ಬಳಸುತ್ತಾರೆ. ಗೈಡ್ ಹತ್ತಿರ ಯಾವ ಪಾಲಿಮರ್ ಇದೆಯೋ ಅದನ್ನೇ ಹೊದಿಸಬೇಡ. ಮೊದಲು ಕೆಲಸ ಏನು ಅಂತ ಕೇಳು.

ಇನ್ನೊಂದು. ಬರೀ ಡಾಕ್ಸೊರುಬಿಸಿನ್ನೂ ಕೆಂಪು, ಲಿಪೊಸೋಮಿನದ್ದೂ ಕೆಂಪು. ಒಂದರ ಬದಲು ಇನ್ನೊಂದು ಹೋದರೆ ಜೀವಕ್ಕೇ ಅಪಾಯ. ವಾರ್ಡಿನಲ್ಲಿ ನಾವು ಇಬ್ಬರು ಹೆಸರು ಓದಿಯೇ ಹಾಕುತ್ತಿದ್ದೆವು. ನಿನ್ನ ಟ್ಯೂಬುಗಳ ಮೇಲೂ ಪೂರ್ತಿ ಹೆಸರು ಬರೆ.

ಯುಗಾದಿಗೆ ಬಂದಾಗ ಒಂದು ಬೆಳಗ್ಗೆ ಬಿಡುವು ಮಾಡಿಕೋ. ವಾರ್ಡಿನ ಹಳೆಯ ಸಿಸ್ಟರ್‌ಗಳನ್ನು ಭೇಟಿ ಮಾಡಿಸುತ್ತೇನೆ. ಕೇಳಬೇಕಾದದ್ದನ್ನು ಬರೆದುಕೊಂಡು ಬಾ.

ನಿನ್ನ
ದೊಡ್ಡಮ್ಮ