ಮಗಳಿಗೊಂದು ಪತ್ರ: ಅರಳುಮರಳು ಎನ್ನುವ ಮೊದಲು

ಪ್ರೀತಿಯ ಮಗಳೇ,

ಬರುವ ಸೋಮವಾರದಿಂದ ನೀನು ವೃದ್ಧರ ವಾರ್ಡಿನಲ್ಲಿ ನರ್ಸ್ ಆಗಿ ಕೆಲಸಕ್ಕೆ ಸೇರುತ್ತಿರುವ ಸುದ್ದಿ ಕೇಳಿ ಅಪ್ಪನಿಗೂ ನನಗೂ ಬಹಳ ಸಂತೋಷವಾಯಿತು. ಕೆಲಸದ ವಿದ್ಯೆ ನಿನಗೆ ಗೊತ್ತಿದೆ. ಆದರೆ ನೀನು ಹಾಸ್ಟೆಲಿನಲ್ಲಿದ್ದಾಗ ಅಜ್ಜಿಯ ವಿಷಯದಲ್ಲಿ ನನ್ನಿಂದಾದ ತಪ್ಪೊಂದನ್ನು ಪೂರ್ತಿಯಾಗಿ ಹೇಳಿರಲಿಲ್ಲ, ಈಗ ಹೇಳಬೇಕೆನಿಸುತ್ತಿದೆ.

ಆ ಮಳೆಗಾಲದಲ್ಲಿ ಅಜ್ಜಿ ಎರಡೇ ದಿನಗಳಲ್ಲಿ ಬೇರೆಯವರಂತಾಗಿಬಿಟ್ಟರು. ಮಾರಿ 20 ವರ್ಷವಾದ ಹಸುಗಳು ಕೊಟ್ಟಿಗೆಗೆ ಬಂದವೇ ಎಂದು ಸಂಜೆಯಾದರೆ ಕೇಳುವರು, ನನ್ನನ್ನು ತಮ್ಮ ತಂಗಿಯ ಹೆಸರಿನಿಂದ ಕರೆಯುವರು, ರಾತ್ರಿಯಿಡೀ ಸೆರಗಿನ ತುದಿ ಹೊಸೆಯುತ್ತ ಕುಳಿತಿರುವರು. ನೋಡಲು ಬಂದವರೆಲ್ಲ ಅರಳುಮರಳು ಎಂದರು, ನಾನೂ ಹೌದೆಂದೆ. ಹಾಗೆಂದು ಒಪ್ಪಿಕೊಂಡ ಮೇಲೆ ಅವರ ಮಾತಿಗೆ ಕಿವಿಗೊಡಬೇಕೆಂದೇ ನನಗೆ ತೋರಲಿಲ್ಲ.

ವೈದ್ಯರ ಮುಂದೆಯೂ, ಅಜ್ಜಿ ಬಾಯಿ ತೆರೆಯುವ ಮೊದಲೇ, ಊಟ ಸರಿಯಿದೆ, ನೋವೇನಿಲ್ಲ ಎಂದು ಎಲ್ಲಕ್ಕೂ ನಾನೇ ಉತ್ತರಿಸಿದೆ. ಆ ವೈದ್ಯರು ನನ್ನನ್ನು ತಡೆದು, ಕುರ್ಚಿಯನ್ನು ಅಜ್ಜಿಯ ಎದುರಿಗೆ ಎಳೆದುಕೊಂಡು, ತಮ್ಮ ಮುಖ ಅವರಿಗೆ ಚೆನ್ನಾಗಿ ಕಾಣುವಂತೆ ಕುಳಿತು, ತಗ್ಗಿದ ದನಿಯಲ್ಲಿ ನಿಧಾನವಾಗಿ ಕೇಳಿದರು. ವಯಸ್ಸಾದವರಿಗೆ ಮೊದಲು ಮಸುಕಾಗುವುದು ಎತ್ತರದ ಸ್ಥಾಯಿಯ ಧ್ವನಿಗಳು. ಸಕಾರ, ಶಕಾರಗಳೇ ಕಳೆದುಹೋಗುವುದರಿಂದ ನಾವು ಕೂಗಿದಷ್ಟೂ ಮಾತು ಗದ್ದಲವಾಗುತ್ತದೆಯೇ ಹೊರತು ಸ್ಪಷ್ಟವಾಗುವುದಿಲ್ಲ. ಇದನ್ನು ನಾನು ತಿಳಿದದ್ದು ಅಂದೇ. ಕೇಳಿದ ಮೇಲೆ ಅವರು ಸುಮ್ಮನೆ ಕಾದರು. ನನಗೆ ಸಹಿಸಲಾಗದಷ್ಟು ಹೊತ್ತು ಕಾದರು. ಆಮೇಲೆ ಅಜ್ಜಿ, ಮೂತ್ರಕ್ಕೆ ಹೋದರೆ ಉರಿಯುತ್ತದೆ, ಅದಕ್ಕೇ 4 ಗಂಟೆಯ ನಂತರ ನೀರು ಕುಡಿಯುವುದಿಲ್ಲ, ರಾತ್ರಿ ಏಳಬೇಕಾಗುತ್ತದೆ ಎಂದರು.

ಪರೀಕ್ಷೆಯಲ್ಲಿ ಮೂತ್ರದ ಸೋಂಕು ಕಂಡಿತು. ವೃದ್ಧರಲ್ಲಿ ಸೋಂಕು ಒಮ್ಮೊಮ್ಮೆ ಜ್ವರವನ್ನೇ ತೋರಿಸದೆ ಹಠಾತ್ ಗೊಂದಲವಾಗಿ ಕಾಣಿಸಿಕೊಳ್ಳುತ್ತದೆ, ಮರೆವಿನ ಕಾಯಿಲೆಯಾದರೋ ತಿಂಗಳು, ವರ್ಷಗಳಲ್ಲಿ ಮೆಲ್ಲಗೆ ಬರುವಂಥದ್ದು ಎಂದು ವೈದ್ಯರು ತಿಳಿಸಿದರು. ಔಷಧಿ ಶುರುವಾಗಿ ಕೆಲವು ದಿನಗಳಲ್ಲಿ ಅಜ್ಜಿ ನನ್ನನ್ನು ನನ್ನ ಹೆಸರಿನಿಂದಲೇ ಕರೆದರು.

ನನ್ನನ್ನು ಇಂದಿಗೂ ಕಾಡುವುದು ಬೇರೆಯೇ. ಅದಕ್ಕೂ ಒಂದು ತಿಂಗಳ ಮೊದಲು, ಸೊಪ್ಪು ಸೋಸುತ್ತ ಕುಳಿತಿದ್ದಾಗ, ಅಜ್ಜಿ ಎರಡು ಮೂರು ಸಲ "ಬಚ್ಚಲು ದೂರವಾಯಿತು" ಎಂದಿದ್ದರು. "ಇದ್ದಲ್ಲೇ ಇದೆಯಲ್ಲ ಅತ್ತೆ" ಎಂದು ನಾನು ನಕ್ಕಿದ್ದೆ. ನನ್ನ ನಿದ್ದೆ ಕೆಡಿಸಬಾರದೆಂದು ಬಾಯಾರಿಕೆಯನ್ನು ಸಹಿಸಿಕೊಂಡಿದ್ದವರು ಅದಕ್ಕಿಂತ ಬಿಡಿಸಿ ಹೇಗೆ ಹೇಳಿಯಾರು?

ಹಾಗಾಗಿ, ವಾರ್ಡಿನಲ್ಲಿ ಮಕ್ಕಳು ಎಷ್ಟೇ ಅಕ್ಕರೆಯಿಂದ ತಾಯಿಯ ಪರವಾಗಿ ಉತ್ತರಿಸಿದರೂ ನೀನು ಒಮ್ಮೆ ತಾಯಿಯನ್ನೇ ಕೇಳು. ನಿಜವಾಗಿ ಮರೆವಿನ ಕಾಯಿಲೆಯಿದ್ದು ಹಸು ಬಂತೇ ಎಂದು ಕೇಳುವವರಿದ್ದರೆ, ಮಾರಿಯಾಯಿತೆಂದು ತಿದ್ದಬೇಡ, ಆ ನಷ್ಟ ಅವರಿಗೆ ಪ್ರತಿಸಲವೂ ಹೊಸದಾಗುತ್ತದೆ. ಯಾವ ಹಸು, ಎಷ್ಟು ಹಾಲು ಕೊಡುತ್ತಿತ್ತು ಎಂದು ವಿಚಾರಿಸು.

ಈಗ ಅಜ್ಜಿಯ ಮಂಚದ ಪಕ್ಕದಲ್ಲೇ ಕಮೋಡ್ ಕುರ್ಚಿ ಇಟ್ಟಿದ್ದೇವೆ, ಪಡಸಾಲೆಯಲ್ಲಿ ರಾತ್ರಿಯಿಡೀ ಸಣ್ಣ ದೀಪ ಉರಿಯುತ್ತದೆ. ನಿನಗೆ ಪತ್ರ ಬರೆಯುತ್ತಿದ್ದೇನೆಂದು ತಿಳಿದು ಅವರೂ ಒಂದು ಮಾತು ಸೇರಿಸಲು ಹೇಳಿದ್ದಾರೆ: ದೀಪ ಆರಿಸುವ ಮೊದಲು ನೀರಿನ ಲೋಟ ಪ್ರತಿಯೊಬ್ಬರ ಕೈಗೆಟಕುವಂತಿದೆಯೇ ಎಂದು ನೋಡಬೇಕಂತೆ.

ಇಂತಿ ನಿನ್ನ ಪ್ರೀತಿಯ,
ಅಮ್ಮ